ಮಾವನವರು ಹೊಳಪು ಕೊಟ್ಟ ಗಿಟಾರು

ಹೋದ ಐತವಾರ ನಮ್ಮ ನಾಗಪುರದ ಕನ್ನಡ ಸಂಘದ ಕಾರ್ಯದರ್ಶಿ ವೇಣುಗೋಪಾಲರು ಮನಿಗೆ ಬಂದಿದ್ರು. ಈ ವರ್ಷ ಸಂಘದ್ದೊಂದು ಸ್ಮರಣ ಸಂಚಿಕೆ ತರತಾರಂತ. "ಶ್ರೀರಕ್ಷಾ ಅವರ, ನಿಮ್ಮ ಮಾವನವರ ಮ್ಯಾಲ ಎರಡು ಪುಟ ಬರದು ಕೊಡ್ರಿ. ಹಳೇ ಸದಸ್ಯರು. ನಾಲ್ಕು ಚಲೋ ಮಾತು ಇರಲಿ" ಅಂದು ಚಾ ಕುಡದು ಹೋದ್ರು.

ನಾಲ್ಕು ಚಲೋ ಮಾತಿಗೆ ಏನೂ ತ್ರಾಸಿಲ್ಲ. ಮಾವನವರ ಹೆಸರು ಮರಿಯಪ್ಪ. ಬೈಲಹೊಂಗಲದ ಕಡೆಯವರು. ಅರವತ್ತಾರರಾಗ ಇಲ್ಲಿ ಅಂಬಾಝರಿ ಆರ್ಡನೆನ್ಸ್ ಫ್ಯಾಕ್ಟರಿಗೆ ಫಿಟ್ಟರ್ ಆಗಿ ಬಂದ್ರು, ಮೂವತ್ನಾಲ್ಕು ವರ್ಷ ದುಡದ್ರು, ರಿಟೈರ್ ಆದ ಮ್ಯಾಲ ಕ್ವಾರ್ಟರ್ ಬಿಟ್ಟು ಪ್ರತಾಪ ನಗರದ ಈ ಎರಡು ಖೋಲಿ ಮನಿಗೆ ಬಂದ್ರು. ಒಂದು ದಿನ ಡ್ಯೂಟಿಗೆ ತಡಾ ಮಾಡಿದವರಲ್ಲ. ಒಬ್ಬರ ಕೂಡ ಜಗಳಾಡಿದವರಲ್ಲ. ಇಷ್ಟು ಬರದು ಕೊಟ್ರ ವೇಣುಗೋಪಾಲರು ಮ್ಯಾಲೊಂದು ಫೋಟೋ ಹಾಕಿ ಅಚ್ಚು ಹಾಕಸತಾರ. ಆದ್ರ ಪೆನ್ನು ಹಿಡಕೊಂಡು ಕೂತಾಗಿಂದ ಆ ಗಿಟಾರು ಬಿಟ್ಟು ಬ್ಯಾರೆ ಏನೂ ಬರಿಯಾಕ ಕೈ ಏಳವಲ್ದು. ಏಳು ವರ್ಷದಿಂದ ಗಂಟಲದಾಗ ಸಿಕ್ಕೊಂಡು ಕೂತೈತಿ. ಅದನ್ನ ಬರಿತೀನಿ. ಅಚ್ಚು ಹಾಕಿದ್ರ ಹಾಕಲಿ, ಬಿಟ್ರ ಬಿಡಲಿ.

ಮೊದಲು ಮಾವನವರ ಸ್ವಭಾವ ಹೇಳಬೇಕು. ಅವರಿಗೆ ತುಕ್ಕು ಅಂದ್ರ ಆಗತಿದ್ದಿಲ್ಲ. ಮಂಕಾದದ್ದು, ಕಲೆ ಬಿದ್ದದ್ದು, ಗೀರು ಬಿದ್ದದ್ದು ಕಣ್ಣಿಗೆ ಬಿದ್ರ ಸುಮ್ಮನ ಕೂಡಾಕ ಆಗತಿದ್ದಿಲ್ಲ. ರಿಟೈರ್ ಆಗಿ ಮನ್ಯಾಗ ಕೂತ ಮ್ಯಾಲಂತೂ ಕೇಳಬ್ಯಾಡ್ರಿ. ನಳದ ತೋಟಿ, ಸೈಕಲ್ ರಿಮ್ಮು, ಕುಕ್ಕರಿನ ಸೀಟಿ, ಗೇಟಿನ ಚಿಲಕ, ಎಲ್ಲಾ ಅವರ ಕೈಯಾಗ ಹಾದು ಹೋಗಿ ಮುಖಾ ನೋಡಿಕೊಳ್ಳೂವಂಗ ಆಗತಿದ್ವು. ಮಂಚದ ಕೆಳಗ ಒಂದು ಕಬ್ಬಿಣದ ಪೆಟ್ಟಿಗಿ. ಅದರಾಗ ಉಪ್ಪುಕಾಗದ, ಮಶೀನ್ ಎಣ್ಣಿ, ವಾರ್ನಿಶ್ ಡಬ್ಬಿ, ಉಕ್ಕಿನ ನಾರಿನ ಉಂಡಿ. ಆ ನಾರು ಕೂದಲಕ್ಕಿಂತ ಸಣ್ಣ ಇರತಿತ್ತು. ಅದರಿಂದ ತಿಕ್ಕಿದ್ರ ಎಂಥಾ ಲೋಹಾನೂ ಬೆಳ್ಳಗ. ಒಣಿಯಾಗಿನ ಹೆಣ್ಣುಮಕ್ಕಳೆಲ್ಲ ಹಿತ್ತಾಳಿ ಸಮಯಿ ದೀಪ ತಂದು ಕೊಟ್ಟು "ಬಾಬೂಜೀ, ಜರಾ ಚಮಕಾ ದೀಜಿಯೇ" ಅಂತಿದ್ರು. ಮಾವನವರು ದುಡ್ಡು ತಗೋತಿದ್ದಿಲ್ಲ. ಕೇಳಿದ್ರಲ್ಲ, ಅಷ್ಟ ಸಾಕಾಗತಿತ್ತು.

ಇನ್ನ ಇವರು. ಇವರು ಅಂದ್ರ ನನ್ನ ಗಂಡ, ನಂದೀಶ. ಒಬ್ಬನ ಮಗ. ಹುಟ್ಟಿ ಬೆಳದದ್ದೆಲ್ಲ ಫ್ಯಾಕ್ಟರಿ ಕ್ವಾರ್ಟರಿನ್ಯಾಗ, ಸಾಲಿ ಹಿಂದಿಯೊಳಗ. ಮನ್ಯಾಗ ಕನ್ನಡ ಮಾತಾಡತಾರ, ಓದಾಕ ಬರೂದಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ತಮ್ಮ ಹೆಸರು ಓದತಾರ, ಅಷ್ಟ. ಕಳಮೇಶ್ವರದಾಗ ಒಂದು ಪೈಪ್ ಕಾರ್ಖಾನಿಯ ಸ್ಟೋರಿನ್ಯಾಗ ನೌಕರಿ. ಹಗಲೆಲ್ಲ ನಟ್ಟು ಬೋಲ್ಟು ಎಣಿಸಿ ಕೊಡೂದು. ಅದರಾಗ ಇವರಿಗೆ ಎಳ್ಳಷ್ಟೂ ಮನಸಿದ್ದಿಲ್ಲ. ಮನಸಿದ್ದದ್ದು ಗಿಟಾರಿನ್ಯಾಗ. ಕಾಲೇಜಿನ ದಿನದಿಂದ ಬಾರಸತಿದ್ರು. ಗಣಪತಿ ಮಂಡಳಿ, ಮದುವಿ ಆರತಕ್ಷತೆ, ಎಲ್ಲಿ ಆರ್ಕೆಸ್ಟ್ರಾದವರು ಒಬ್ಬ ಗಿಟಾರಿನವ ಕಡಿಮಿ ಬಿದ್ದಾನ ಅಂತ ಕರದ್ರೂ ಓಡತಿದ್ರು. ತಮ್ಮ ಹಳೇ ಡಬ್ಬಿ ಗಿಟಾರಕ್ಕ ಮೈಕು ಕಟ್ಟಿ ಬಾರಸೂದು. ಮುಂದ ಕೂತವರಿಗೆ ಡೋಲಕ್ಕ ಕೇಳತಿತ್ತು, ತಬಲಾ ಕೇಳತಿತ್ತು, ಇವರದು ಕೇಳತಿದ್ದಿಲ್ಲ. ಮಾವನವರು ಎಂದೂ ಬ್ಯಾಡ ಅನ್ನಲಿಲ್ಲ, ಹೋಗೂ ಅನ್ನಲಿಲ್ಲ. "ಅದರಾಗೇನೈತಿ ನಂಗ ತಿಳಿಯೂದಿಲ್ಲವಾ" ಅಂತಿದ್ರು ನನ್ನ ಮುಂದ.

ಎರಡು ಸಾವಿರದ ಒಂದನೇ ಇಸವಿ. ಊರಾಗ ದೊಡ್ಡ ಆರ್ಕೆಸ್ಟ್ರಾ ನಡಸೂ ಪಾಂಡುರಂಗಭಾವು ಅಂತ ಒಬ್ಬ ಮರಾಠಿ ಮನಿಷಾ ಹೊಸಾ ಕಾರ್ಯಕ್ರಮ ಮಾಡಾಕ ಹೊಂಟಿದ್ದ. ಬರೇ ಹಳೇ ಹಾಡು, ಹಳೇ ಕಾಲದ ಸೂಟು, ಹಳೇ ಕಾಲದ ಮೈಕು. ಅದಕ್ಕ ಕಾಯಂ ಗಿಟಾರಿನವ ಬೇಕಾಗಿದ್ದ. ಇವರ ಕೈ ಕೇಳಿ ಒಪ್ಪಿದ. ಮೊದಲನೇ ಕಾರ್ಯಕ್ರಮ ದಸರಾ ದಿನ, ಆಮ್ಯಾಲ ಅಮರಾವತಿ, ರಾಯಪುರ, ಜಬಲ್ಪುರ, ವರ್ಷವಿಡೀ. ಅದು ಕೂಡಿ ಬಂದ್ರ ಕಾರ್ಖಾನಿ ಬಿಡಬಹುದಿತ್ತು. ಆದ್ರ ಒಂದು ಕರಾರು. "ಡಬ್ಬಿ ಗಿಟಾರು ನಡಿಯೂದಿಲ್ಲ. ಎಲೆಕ್ಟ್ರಿಕ್ ಬೇಕು, ನೋಡಾಕೂ ಹಳೇ ಕಾಲದ್ದಿರಬೇಕು. ಇಲ್ಲಂದ್ರ ಕಾಂಪಟಿ ಊರಿನ ಗಿಟಾರಿನವನೊಬ್ಬ ತಯಾರ ಅದಾನ" ಅಂದಿದ್ದ.

ಖರೇ ಹಳೇ ವಿಲಾಯತಿ ಗಿಟಾರು ಅಂದ್ರ ನಮ್ಮಂಥವರು ಹೆಸರು ತಗೊಳ್ಳೂವಂಗಿಲ್ಲ. ಇವರು ಎರಡು ತಿಂಗಳು ಸೀತಾಬರ್ಡಿ, ಇತವಾರಿ ಎಲ್ಲಾ ತಿರಗಿ ಕಡೀಕ ಸದರ್ ಬಜಾರಿನ ಒಂದು ಅಂಗಡಿಯಾಗ ಹುಡುಕಿ ತಗದ್ರು. ತಗೊಳ್ಳೂ ದಿನ ನನ್ನನ್ನೂ ಕರಕೊಂಡು ಹೋದ್ರು. ಕಲ್ಕತ್ತಾದವರು ಯಾರೋ ಮಾಡಿದ್ದಂತ. ಹೊಸಾದ. ಆದ್ರ ಹಳೇದು ಕಂಡಂಗ ಕಾಣಬೇಕಂತ ಅಂಚಿಗೆಲ್ಲ ತಂಬಾಕದ ಬಣ್ಣ, ನಡುವ ಜೇನುತುಪ್ಪದ ಬಣ್ಣ, ಅಲ್ಲಲ್ಲಿ ಸವದಂಗ ಮಾಡಿದ್ರು. ಬಿಳೇ ಪ್ಲಾಸ್ಟಿಕ್ಕು ಹಳದಿ ಹಲ್ಲಿನಂಗ. ಲೋಹದ ಭಾಗೆಲ್ಲ ಮಂಕು.

"ಇದೇನ್ರಿ, ಯಾರೋ ಬಳಸಿ ಬಿಟ್ಟಂಗೈತಿ" ಅಂದೆ.

"ಅದಕ್ಕ ಇದರ ಕಿಮ್ಮತ್ತು" ಅಂದ್ರು ಇವರು. "ಹೊಸಾದು ಕಂಡ್ರ ಪಾಂಡುರಂಗಭಾವು ಒಗದು ಬಿಡತಾನ."

ನನ್ನ ತವರಮನ್ಯಾಗ ಹಳೇ ತಾಮ್ರ ಕೊಟ್ಟು ಹೊಸಾ ಸ್ಟೀಲು ತಗೋತಿದ್ರು. ಹೊಸಾ ದುಡ್ಡು ಕೊಟ್ಟು ಹಳೇ ಕಳೆ ತಗೊಳ್ಳೂದು ನಾ ಮೊದಲ ಸಲ ನೋಡಿದ್ದು. ಆದ್ರ ಅಂಗಡಿಯವ ಸ್ಪೀಕರಿಗೆ ವಾಯರ್ ಹಾಕಿ ಕೊಟ್ಟ, ಇವರು ಬಾರಿಸಿದ್ರು. ಅರ್ಧಾ ತಾಸು ಬಾರಿಸಿದ್ರು. ಕಡಿಮಿ ಮಾತಿನ ಮನಿಷಾ, ಆವತ್ತು ಮುಖದಾಗ ಏನು ಬೆಳಕು ಇತ್ತು ಅಂತೀರಿ. ಮದುವಿ ದಿನಾನೂ ನಾ ಆ ಮುಖಾ ನೋಡಿದ್ದಿಲ್ಲ. ಆರು ತಿಂಗಳ ಓವರ್‌ಟೈಮ್ ದುಡ್ಡು ಎಣಿಸಿ ಕೊಟ್ಟು ಸೀರಿ ಸುತ್ತಿದ ಕೂಸಿನಂಗ ಎದಿಗೆ ಅವಚಿಕೊಂಡು ಆಟೋದಾಗ ಕೂತ್ರು.

ಮನಿಗೆ ತಂದಾಗ ಮಾವನವರು ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿದ್ರು. ಕೂಡಿಕಿ ಬಿಗಿ ಅದಾವೇನಂತ ಬೆರಳಿಂದ ಬಡದು ನೋಡಿದ್ರು. "ಕೆಲಸ ಚಲೋ ಐತಿ" ಅಂದ್ರು. ಆಮ್ಯಾಲ, "ಮಂಕ್ಯಾಕ ಆಗೇತಿ?" ಅಂದ್ರು.

"ಅದು ಹಂಗ ಇರೂದು, ಅಪ್ಪಾ" ಅಂದ್ರು ಇವರು. ಮಾವನವರು ಗೋಣು ಹಾಕಿದ್ರು. ಮುಟ್ಟಲಿಲ್ಲ. ಇದನ್ನ ನೆನಪಿಡ್ರಿ. ಮಾವನವರು ತಾವಾಗಿ ಅದನ್ನ ಮುಟ್ಟಲಿಲ್ಲ.

ಮೂರು ವಾರ ಚಲೋ ನಡೀತು. ಇವರು ಡ್ಯೂಟಿ ಮುಗಿಸಿ ತಾಲೀಮಿಗೆ ಹೋಗತಿದ್ರು, ಹಾಡಕೋತ ಬರತಿದ್ರು. ಅದರಾಗ ಬಂದಾಕಿ ಅಂಬುಜಾ. ಎದುರುಮನಿಯಾಕಿ, ಮೈಸೂರ ಕಡೆಯಾಕಿ, ಗಂಡ ಬ್ಯಾಂಕಿನ ಆಫೀಸರು. ಆಕಿಗೆ ನಮ್ಮ ಮನ್ಯಾಗ ಹೊಸಾ ಸಾಮಾನು ಬಂತಂದ್ರ ನೋಡೂ ತನಾ ನಿದ್ದಿ ಬರೂದಿಲ್ಲ. ಗಿಟಾರು ನೋಡಿದಳು, ಸವದ ಜಾಗಾದ ಮ್ಯಾಲ ಬೆರಳಾಡಿಸಿದಳು.

"ಸೆಕೆಂಡ್ ಹ್ಯಾಂಡಾ? ಹೋಗ್ಲಿ ಬಿಡಿ, ಎಲ್ಲರಿಗೂ ಹೊಸದು ತಗೊಳ್ಳೋಕಾಗುತ್ತಾ" ಅಂದಳು.

"ಹೊಸಾದ ಐತ್ರಿ, ಹಳೇದರಂಗ ಮಾಡಿದ್ದು" ಅಂದೆ.

"ಹೌದಾ" ಅಂತ ನಕ್ಕಳು. ಆ ನಗು ನನ್ನ ಮೈಯೆಲ್ಲ ಉರಿಸಿ ಬಿಡ್ತು. ಆಕಿ ನಂಬಲಿಲ್ಲ. ಮರುದಿನ ನಳದ ಹತ್ರ ಇನ್ನಿಬ್ಬರ ಮುಂದ ಅದನ್ನ ಹೇಳಿದಳು, ನನ್ನ ಕಿವಿಗೆ ಬಿತ್ತು. ನಾನರೇ ಎಂಥಾಕಿ, ಅದನ್ನ ಅಲ್ಲೇ ಬಿಡಬಾರದ? ಬಿಡಲಿಲ್ಲ. ದಸರಾ ದಿನ ಕಾರ್ಯಕ್ರಮಕ್ಕ ಬರ್ರಿ ಅಂತ ಆಕಿನ್ನ ಕರದು ಬಿಟ್ಟಿದ್ದೆ. ಸ್ಟೇಜಿನ ಮ್ಯಾಲ ನನ್ನ ಗಂಡನ ಕೈಯಾಗ ಆ ಸವಕಲು ಸಾಮಾನು ನೋಡಿ ಆಕಿ ಮತ್ತ ಹಂಗ ನಗತಾಳ ಅನ್ನೂದೊಂದ ನನ್ನ ತಲಿಯಾಗ. ಅದು ಹೊಸಾದರಂಗ ಕಂಡ್ರ ಇವರ ಕೆಲಸ ಹೋದೀತು ಅನ್ನೂ ಮಾತು ಅಂಗಡಿಯಾಗ ಇದ ಕಿವಿಲೆ ಕೇಳಿದ್ದೆ. ಕೇಳಿಯೂ, ಸ್ವಲ್ಪ ಹೊಳದ್ರ ಏನಾಗತೈತಿ, ಗಂಡಸರದೊಂದು ಹುಚ್ಚು ಅಂದ್ಕೊಂಡೆ.

ಅಷ್ಟಮಿ ದಿನ ಇವರು ಕಳಮೇಶ್ವರಕ್ಕ ಹೋಗಿದ್ರು. ಅಷ್ಟಮಿ, ನವಮಿ ತಾಲೀಮಿಗೆ ಸೂಟಿ. ಉಳದ ವಾದ್ಯದವರೆಲ್ಲ ಗರಬಾಕ್ಕ ಬಾರಸಾಕ ಹೋಗಿದ್ರು. ಗಿಟಾರು ಮನ್ಯಾಗಿತ್ತು. ಮಾವನವರು ನಾಳಿನ ಖಂಡೆ ಪೂಜಿಗೆ, ಅಂದ್ರ ಆಯುಧ ಪೂಜಿಗಂತ ತಮ್ಮ ಇಕ್ಕಳ, ಸುತ್ತಿಗಿ, ಪಾನಾ ಎಲ್ಲಾ ತಗದು ವರಾಂಡದಾಗ ಹರವಿಕೊಂಡು ತಿಕ್ಕಾಕತ್ತಿದ್ರು. ಪ್ರತಿ ವರ್ಷ ಹತಿಯಾರೆಲ್ಲ ಹಂಗ ಹೊಳಿಸಿ ಮಣಿ ಮ್ಯಾಲ ಇಡತಿದ್ರು. ನಾ ಗಿಟಾರು ತಂದು ಅವರ ಮುಂದ ಇಟ್ಟೆ.

"ಮಾವಾರ, ಇದನ್ನೂ ಸ್ವಲ್ಪ ಚಲೋ ಮಾಡ್ರಿ. ಇವರದೂ ಹತಿಯಾರ ಅಲ್ಲೇನು. ಪೂಜಿಗೆ ಇಡೂಣು."

ಮಾವನವರು ಕೈಯಾಗಿಂದು ಕೆಳಗಿಟ್ರು. ಮುಖಾ ಅರಳಿತ್ತು, ಆದ್ರ ಕೈ ಮುಂದ ಬರಲಿಲ್ಲ. "ನಂದೀಶಗ ಕೇಳಿಯೇನವಾ? ಅದು ಹಂಗ ಇರೂದು ಅಂದಿದ್ದ."

"ಕೇಳೀನ್ರಿ. ಅವರ ಹೇಳ್ಯಾರ" ಅಂದೆ.

ಸುಳ್ಳು. ಒಂದು ಮಾತಿನ ಸುಳ್ಳು. ಹೇಳೂ ಮುಂದ ನಾಲಿಗಿ ತಡವರಿಸಲೂ ಇಲ್ಲ.

ಆಮ್ಯಾಲ ಮಾವನವರನ್ನ ನೋಡಬೇಕಾಗಿತ್ತು ನೀವು. ಇಷ್ಟು ವರ್ಷದಾಗ ಮಗಾ ತನ್ನ ಸಾಮಾನು ಅವರ ಕೈಗೆ ಕೊಟ್ಟಾನ ಅಂತ ತಿಳಕೊಂಡಿದ್ರು. ಊಟಕ್ಕೂ ಏಳಲಿಲ್ಲ. ತಂತಿ ಸಡಲ ಮಾಡಿದ್ರು. ಉಪ್ಪುಕಾಗದದಿಂದ ಮೈ ಉಜ್ಜಿ ಮೂರು ಕೈ ವಾರ್ನಿಶ್ ಬಳದ್ರು. ತಂತಿ ಕೆಳಗ ಸಾಲಾಗಿ ಸಣ್ಣ ಸಣ್ಣ ಲೋಹದ ಗುಂಡು ಇರತಾವ, ಸದ್ದು ಹಿಡಿಯೂ ಜಾಗಾ ಅದು. ಅವು ಕಪ್ಪಾಗಿದ್ವು. "ಇದಕ್ಕ ನಾರು ಬೇಕು" ಅಂದ್ರು. ಪೆಟ್ಟಿಗಿಯೊಳಗಿಂದ ಉಕ್ಕಿನ ನಾರು ತಗದು ನಾನ ಕೈಗೆ ಕೊಟ್ಟೆ. ಆ ಗುಂಡು ಅಯಸ್ಕಾಂತ ಅಂತ ನನಗೇನು ಗೊತ್ತು, ಅವರಿಗೇನು ಗೊತ್ತು. ಒಂದೊಂದನ್ನೂ ಬೆಳ್ಳಿ ಗೆಜ್ಜಿ ಮಾಡಿಟ್ರು. ಉದುರಿದ ಉಕ್ಕಿನ ಪುಡಿಯೆಲ್ಲ ಅಲ್ಲೇ ಹಿಡಕೊಂಡು ಒಳಗಿಳೀತು.

ಇವರು ಸಂಜಿಗೆ ಬರೂದರಾಗ ಗಿಟಾರು ಮಣಿ ಮ್ಯಾಲ ಕೂತಿತ್ತು, ಮ್ಯಾಲ ತೀರಿಹೋದ ಅತ್ತೆಯವರ ಹಳೇ ರೇಶ್ಮಿ ವಲ್ಲಿ ಮುಚ್ಚಿತ್ತು. ನಮ್ಮ ಮನ್ಯಾಗ ಪೂಜಿಗಿಟ್ಟ ಹತಿಯಾರ ದಸರಾ ದಿನ ಎರಡನೇ ಪೂಜಿ ಆಗೂತನಾ ಯಾರೂ ಮುಟ್ಟೂವಂಗಿಲ್ಲ. "ಪೂಜಿಗಿಟ್ಟೀನಿ, ನಾಳೆ ನೋಡು" ಅಂದ್ರು ಮಾವನವರು. ಇವರಿಗೂ ಒಂಥರಾ ಖುಷಿ ಆತು. ತಂದಿ ತನ್ನ ಗಿಟಾರನ್ನ ಇಕ್ಕಳ ಸುತ್ತಿಗಿ ಪಂಕ್ತಿಯಾಗ ಕೂಡಿಸ್ಯಾನಲ್ಲ.

ನವಮಿ ಮುಂಜಾನೆ ವಲ್ಲಿ ತಗದ್ರು. ಹೊಳೀತಿತ್ತು. ಕುಂಕುಮ, ಚೆಂಡುಹೂವು, ಹೊಸಾ ವಾರ್ನಿಶ್ ವಾಸನಿ. ಇವರು ನಿಂತಲ್ಲೇ ನಿಂತ್ರು. ಬಾಯಿ ತಗದ್ರು, ತಂದಿ ಮುಖಾ ನೋಡಿದ್ರು, ಮುಚ್ಚಿದ್ರು. ಮಾವನವರ ಕಣ್ಣಾಗ ನೀರಿತ್ತು. ಇವರು ಬಗ್ಗಿ ಕಾಲು ಮುಟ್ಟಿದ್ರು. ನನಗ ಮಾತ್ರ ಅಡಗಿ ಖೋಲಿಗೆ ಬಂದು, "ಬಣ್ಣ ಹೋತು. ಭಾವು ಏನಂತಾನೋ" ಅಂದ್ರು. "ಏನೂ ಆಗೂದಿಲ್ಲ, ಚಂದ ಕಾಣತೈತಿ" ಅಂದೆ. ಆವಾಗ ಹೇಳಬಹುದಿತ್ತು. ಹೇಳಲಿಲ್ಲ. ಮುಟ್ಟೂವಂಗಿಲ್ಲ ಅಂತ ಇವರೂ ಮುಟ್ಟಿ ನೋಡಲಿಲ್ಲ.

ದಸರಾ ದಿನ ಮಧ್ಯಾಹ್ನ ಪೂಜಿ ಮುಗದ ಮ್ಯಾಲ ಇವರು ತಂತಿ ಬಿಗದು ಶ್ರುತಿ ಮಾಡಿಕೊಂಡ್ರು. ಮನ್ಯಾಗ ಸ್ಪೀಕರ್ ಇರಲಿಲ್ಲ, ಹಂಗಾಗಿ ಸದ್ದು ಹೆಂಗ ಬರತೈತಿ ತಿಳೀಲಿಲ್ಲ. ನಾನು ಅಂಬುಜಾ ಹಿಂದಿಂದ ಆಟೋದಾಗ ಹೋದ್ವಿ. ದೀಕ್ಷಾಭೂಮಿ ಕಡೆ ಆವತ್ತು ಜನಾ ಜನಾ, ಆಟೋ ಸುತ್ತು ಹಾಕಿ ಹೋತು. ಮೈದಾನ ಮುಟ್ಟೂದರಾಗ ನಾಲ್ಕೂವರಿ. ಐದಕ್ಕ ಕಾರ್ಯಕ್ರಮ. ಕುರ್ಚಿ ಅರ್ಧಕ್ಕಿಂತ ಹೆಚ್ಚು ತುಂಬಿದ್ವು, ಸ್ಟೇಜಿನ ಮ್ಯಾಲ ಸದ್ದು ನೋಡಾಕತ್ತಿದ್ರು.

ಇವರು ವಾಯರ್ ಹಾಕಿದ್ರು. ತಂತಿಗೆ ಕೈ ತಗಲೂಕಿಂತ ಮೊದಲ ಸ್ಪೀಕರ್ ಕಿರ್ ಅಂತ ಚೀರ್ತು. ಕೂಸುಗಳು ಕಿವಿ ಮುಚ್ಚಿಕೊಂಡ್ವು. ಇವರು ಗುಂಡಿ ತಿರುವಿದ್ರು, ವಾಯರ್ ಬದಲಿ ಮಾಡಿದ್ರು. ಬಾರಿಸಿದ್ರ ಒಂದು ತಂತಿ ಸತ್ತಿತ್ತು, ಇನ್ನೊಂದು ಚೀರತಿತ್ತು. ಮುಂದಿನ ಸಾಲಿನವರು ನಕ್ರು. ಪಾಂಡುರಂಗಭಾವು ಹತ್ತಿರ ಬಂದ, ಗಿಟಾರು ಹಿಡದು ಬೆಳಕಿಗೆ ತಿರುವಿ ನೋಡಿದ. "ಹೇ ಕಾಯ್ ಆಣಲಂ?" ಅಂದ. ಮೈಕು ಚಾಲೂ ಇತ್ತು, ಏನು ತಂದೀಯೋ ಅಂತ ಕೇಳಿದ್ದು ಇಡೀ ಮೈದಾನಕ್ಕ ಕೇಳಿತು. ಕಾಂಪಟಿಯವ ಸ್ಟೇಜಿನ ಹಿಂದ ಸೂಟು ಹಾಕ್ಕೊಂಡ ನಿಂತಿದ್ದ. ಇವರು ವಾಯರ್ ಕಿತ್ತಿ ಕೆಳಗಿಳದ್ರು.

ಅಂಬುಜಾ ನನ್ನ ಕೈ ಹಿಡದು, "ಪಾಪ. ಸೆಕೆಂಡ್ ಹ್ಯಾಂಡು ಅಂದ್ರೆ ಹೀಗೇ ರೀ" ಅಂದಳು.

ನಾವು ಮನಿ ಮುಟ್ಟೂದರಾಗ ದೀಪ ಹಚ್ಚೂ ಹೊತ್ತು. ಒಣಿಯಾಗ ಎಲ್ಲಾರೂ ಬನ್ನಿ ಕೊಟ್ಟು ತಗೊಂಡು ಅಡ್ಡಾಡಾಕತ್ತಿದ್ರು. ಮಾವನವರು ಬಿಳೇ ಅಂಗಿ ಹಾಕ್ಕೊಂಡು ಕೈಯಾಗ ಬನ್ನಿ ಹಿಡಕೊಂಡು ಬಾಗಿಲದಾಗ ನಿಂತಿದ್ರು. ಮಗಾ ಬಂದ ಕೂಡಲೆ ಮುಂದ ಚಾಚಿ, "ಬನ್ನಿ ತಗೊಂಡು ಬಂಗಾರದಂಗ ಇರೂಣೋ, ಹೆಂಗಾತು?" ಅಂದ್ರು.

ಇವರು ಬನ್ನಿ ತಗೊಳ್ಳಲಿಲ್ಲ. "ಯಾರು ಹೇಳಿದ್ರು ನಿಮಗ ಇದನ್ನ ಮುಟ್ಟಂತ?" ಅಂತ ಕೇಳಿದ್ರು. ಜೋರು ದನೀ ಇಲ್ಲ. ಜೋರು ಇದ್ದಿದ್ರ ಚಲೋ ಇತ್ತು.

ಮಾವನವರು ನನ್ನ ಕಡೆ ನೋಡಿದ್ರು. ನಾ ಹೊಸ್ತಿಲ ಆಚೆ ನಿಂತಿದ್ದೆ, ಮದುವಿ ಜರದ ಸೀರಿ ಉಟ್ಟಿದ್ದೆ. ಮಗಾ ಹೇಳೇ ಇಲ್ಲ ಅನ್ನೂದು ಅವರಿಗೆ ಆ ಕ್ಷಣದಾಗ ತಿಳೀತು. ನನ್ನ ಮುಖದಾಗ ಬರದಿತ್ತಲ್ಲ. ನನ್ನ ಬಾಯಿ ಬಿಚ್ಚಲಿಲ್ಲ.

"ಯಾರು ಹೇಳಬೇಕು?" ಅಂದ್ರು ಮಾವನವರು. "ನನಗ ಹೊಳೀತು, ಮಾಡಿದೆ."

"ನಿಮಗ ತಿಕ್ಕೂದೊಂದ ಗೊತ್ತು. ನನ್ನ ಬಾಳೇವ ತಿಕ್ಕಿ ಇಟ್ರಿ" ಅಂದು ಇವರು ಒಳಗ ಹೋದ್ರು. ಮಾವನವರು ಬನ್ನಿ ಅಲ್ಲೇ ಬಾಗಿಲ ಸಂದಿಯಾಗ ಸಿಗಿಸಿದ್ರು.

ಆಮ್ಯಾಲ ಸದರಿನ ರಿಪೇರಿಯವ ನೋಡಿ ಉಕ್ಕಿನ ಪುಡಿ ಸಂಗತಿ ಹೇಳಿದ. ಆ ಭಾಗ ಬದಲಿ ಮಾಡಿದ್ರ ಎಂಟು ದಿನದಾಗ ಮೊದಲಿನಂಗ ಹಾಡತಿತ್ತಂತ. ನಾ ಮಾಡಸ್ರಿ ಅಂದೆ. "ಹೊಳ್ಯಾಕತ್ತೇತಲ್ಲ, ಸಾಕು" ಅಂದ್ರು ಇವರು. ಅದೇ ರೇಶ್ಮಿ ವಲ್ಲಿ ಸುತ್ತಿ ಕಪಾಟಿನ ಮ್ಯಾಲ ಒಗದ್ರು. ಕಾಂಪಟಿಯವ ಪಾಂಡುರಂಗಭಾವು ಕೂಡ ಇನ್ನೂ ಬಾರಸತಾನ. ಇವರು ಇನ್ನೂ ನಟ್ಟು ಬೋಲ್ಟು ಎಣಸತಾರ. ತಂದಿ ಕೂಡ ಉಪ್ಪು, ಔಷಧ, ಲೈಟ್ ಬಿಲ್ಲು, ಇಷ್ಟ ಮಾತು. ನಾಲ್ಕು ದಸರಾ ಬಂದು ಹೋದ್ವು. ಇವರು ಒಣಿಯಾಗಿನ ಎಲ್ಲಾರ ಕೈಯಿಂದ ಬನ್ನಿ ತಗೊಂಡ್ರು, ತಂದಿ ಕೈಯಿಂದ ತಗೊಳ್ಳಲಿಲ್ಲ. ಮಾವನವರು ಆ ಕಬ್ಬಿಣದ ಪೆಟ್ಟಿಗಿ ಮತ್ತ ತಗೀಲಿಲ್ಲ. ಹೆಣ್ಣುಮಕ್ಕಳು ಸಮಯಿ ತಂದ್ರ, "ಕೈ ನಡಗತಾವ" ಅಂತ ಹೊಳ್ಳಿ ಕಳಸತಿದ್ರು. ಕೈ ಎಲ್ಲಿ ನಡಗತಿದ್ವು.

ಒಂದು ಸಲ ನಾ ತಡಕೊಳ್ಳದ, "ಮಾವಾರ, ನಾ ಇವರಿಗೆ ಹೇಳಿ ಬಿಡತೀನ್ರಿ" ಅಂದೆ. ನಳದ ತೋಟಿಗೆ ತುಕ್ಕು ಹಿಡದಿತ್ತು, ಅದನ್ನ ನೋಡಕೋತ ಕೂತಿದ್ರು.

"ಬ್ಯಾಡವಾ" ಅಂದ್ರು. "ನಂದೇನು, ಇನ್ನೆಷ್ಟು ದಿನ. ನೀ ಅವನ ಕೂಡ ಬಾಳೇವ ಮಾಡಬೇಕು."

ನಾನು ಹೂಂ ಅಂದೆ. ಹಗೂರ ಆತು ಅಂತ ಅನಿಸಿತು, ಸುಳ್ಯಾಕ ಹೇಳಲಿ. ಎರಡು ಸಾವಿರದ ಆರರ ಶ್ರಾವಣದಾಗ ಮಾವನವರು ಹೋದ್ರು. ಇವರು ಎಲ್ಲಾ ಬರೋಬರ್ ಮಾಡಿದ್ರು, ಮಣ್ಣು ಕೊಟ್ರು, ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. "ಎಂಥಾ ಗಟ್ಟಿ ಎದೀನಪಾ" ಅಂದ್ರು ಮಂದಿ.

ಇದನ್ನ ಓದಿ ಸಂಘದ ಮಂದಿ ಇವರಿಗೆ ಹೇಳಿದ್ರ ಹೇಳಲಿ. ಅಂಬುಜಾ ಹೇಳೇ ಹೇಳತಾಳ. ನನ್ನ ಬಾಯಿಂದ ಬರೂದಿಲ್ಲ, ಆವಾಗೂ ಬರಲಿಲ್ಲ, ಈಗೂ ಬರೂದಿಲ್ಲ.

ಈಗ ಇಷ್ಟೊತ್ತಿಗೆ ಇವರು ಡ್ಯೂಟಿ ಮುಗಿಸಿ ಬಂದ್ರು. ನಾ ಬರಿಯೂದು ನೋಡಿ ಎದುರು ಬಂದು ಕೂತ್ರು. "ಅಪ್ಪಾಂದೇನು? ಓದು ನೋಡೂಣು" ಅಂದ್ರು. ಹಾಳಿ ನನ್ನ ಕೈಯಾಗ, ಅಕ್ಷರ ಇವರ ಕಣ್ಣಮುಂದ. ನಾ ಓದಿದೆ. "ಮರಿಯಪ್ಪನವರು ಬೈಲಹೊಂಗಲದ ಕಡೆಯವರು. ಫ್ಯಾಕ್ಟರಿಯಾಗ ಮೂವತ್ನಾಲ್ಕು ವರ್ಷ ದುಡದ್ರು. ಒಂದು ದಿನ ತಡಾ ಮಾಡಲಿಲ್ಲ. ಒಬ್ಬರ ಕೂಡ ಜಗಳಾಡಲಿಲ್ಲ." ಅಲ್ಲಿಗೆ ನಿಲ್ಲಿಸಿದೆ.

"ಗಿಟಾರಿಂದು ಬರದಿಲ್ಲಲ್ಲ?" ಅಂತ ಕೇಳಿದ್ರು.

"ಇಲ್ಲ" ಅಂದೆ.

"ಬರೋಬರ್" ಅಂದ್ರು, ಎದ್ದು ಕೈಕಾಲು ತೊಳಿಯಾಕ ಹೋದ್ರು.